ಎಣ್ಣೆ ಹೊಡೆಯುವ ಕ್ರಮ

ಬದರೀನಾಥರ ಮಾತನ್ನು ನಡುವೆ ತುಂಡು ಮಾಡುವ ಧೈರ್ಯ ಈ ಭೂಮಿಯ ಮೇಲೆ ಒಬ್ಬರಿಗೇ ಇತ್ತು. ಆಕೆಯ ಹೆಸರು ತುಂಗಾ. ಹೆಂಡತಿಯಾದ್ದರಿಂದ ಅದನ್ನು ಅವರು ಅವಮಾನದ ಪಟ್ಟಿಗೆ ಸೇರಿಸಿರಲಿಲ್ಲ. ಕೃಷಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಅವರು ಮಾತಾಡಿದ್ದರು, ಜನ ಕೇಳಿದ್ದರು. ಕೇಳುವವರು ಕುರ್ಚಿಯಲ್ಲಿ ಕೂತಿರುತ್ತಿದ್ದರು, ಕೊನೆಯಲ್ಲಿ ಬೋಂಡ ಬರುತ್ತದೆಂಬ ನಂಬಿಕೆಯೂ ಅವರಿಗಿತ್ತು ಎಂಬುದು ಬೇರೆ ಮಾತು. ಈಗ ನೋಡಿದರೆ, ನಿವೃತ್ತಿಯಾದ ಎರಡನೇ ವರ್ಷ, ನಾಲ್ಕು ಸಾವಿರದ ಇನ್ನೂರ ಹದಿನೆಂಟು ಜನ ಅವರ ಮಾತನ್ನು ಹನ್ನೊಂದನೇ ಸೆಕೆಂಡಿಗೆ ಕತ್ತರಿಸಿ ಹಾಕುತ್ತಿದ್ದರು.

ವಿಷಯ ಇಷ್ಟು. ಹೆಬ್ಬಾಳದ ಒಂದು ಸಂಸ್ಥೆ ಹಾವೇರಿ ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ಫೋನಿನಲ್ಲಿ ಸಲಹೆ ಕೊಡುವ ಕೆಲಸ ಶುರು ಮಾಡಿತ್ತು. ಪ್ರತಿ ಬುಧವಾರ ಸಂಜೆ ಆರಕ್ಕೆ ಅವರೆಲ್ಲರ ಫೋನೂ ಒಟ್ಟಿಗೆ ರಿಂಗಾಗುತ್ತದೆ. ಎತ್ತಿದರೆ ಒಂದೂವರೆ ನಿಮಿಷ ಬದರೀನಾಥರು ಮಾತಾಡುತ್ತಾರೆ. ಮತ್ತೆ ಕೇಳಬೇಕೆಂದರೆ ಒಂದನ್ನು ಒತ್ತಬೇಕು, ಏನಾದರೂ ವಿಚಾರಿಸಬೇಕೆಂದರೆ ಎರಡನ್ನು ಒತ್ತಬೇಕು. ಎರಡು ಒತ್ತಿದರೆ ಕರೆ ನೇರವಾಗಿ ಅಟ್ಟೂರಿನ ಅವರ ಮನೆಗೇ ಬರುತ್ತದೆ. ಈ ಸೇವೆಗೆ ‘ಹೊಲದ ದನಿ’ ಎಂದು ಹೆಸರಿಟ್ಟವರೂ ಅವರೇ. ‘ದನಿ’ ಎಂಬ ಶಬ್ದದ ಮೇಲೆ ಅವರಿಗೆ ತುಸು ಹೆಚ್ಚೇ ಮೋಹ. ತುಂಗಾ ಮತ್ತವಳ ಗೆಳತಿಯರ ಭಜನೆಯ ವಾಟ್ಸಾಪ್ ಗುಂಪನ್ನು ತಮ್ಮ ಫೋನಿನಲ್ಲಿ ಮಾಡಿಕೊಟ್ಟಾಗ ಅದಕ್ಕೂ ‘ಭಕ್ತಿ ದನಿ’ ಎಂದೇ ನಾಮಕರಣ ಮಾಡಿದ್ದರು. (ಓದುಗರು ಈ ಎರಡು ಹೆಸರನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಬದರೀನಾಥರು ಇಟ್ಟುಕೊಳ್ಳಲಿಲ್ಲ.)

ಸೋಮವಾರ ಹೆಬ್ಬಾಳದ ಕಚೇರಿಗೆ ಹೋದಾಗ, ಈ ಸೇವೆಯನ್ನೆಲ್ಲ ನೋಡಿಕೊಳ್ಳುವ ಅಮ್ರೀನ್ ತನ್ನ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅದರ ಮೇಲೊಂದು ಗೆರೆ ಎತ್ತರದಲ್ಲಿ ಹುಟ್ಟಿ, ಸ್ವಲ್ಪ ದೂರ ಬಂದು, ಬಾವಿಗೆ ಬಿದ್ದಂತೆ ಬಿದ್ದಿತ್ತು.

“ಇಲ್ನೋಡಿ ಸಾರ್. ‘ಆತ್ಮೀಯ ರೈತ ಬಾಂಧವರೇ’ ಅಂದಾಗ ಎಲ್ಲಾರೂ ಇದಾರೆ. ‘ಪ್ರಸಕ್ತ ಹವಾಮಾನದಲ್ಲಿ’ ಅಂದಾಗ ಅರ್ಧ ಜನ ಹೋದ್ರು. ‘ರಸಹೀರುವ ಕೀಟಗಳ ಬಾಧೆ ಕಂಡುಬರುವ ಸಾಧ್ಯತೆಯಿದ್ದು’ ಅಂತೀರಲ್ಲ, ಅಲ್ಲಿ ಮಿಕ್ಕೋರೂ ಹೋದ್ರು.”

“‘ಇದ್ದು’ ಅಂದ್ರೆ ವಾಕ್ಯ ಇನ್ನೂ ಮುಗಿದಿಲ್ಲ ಅಂತಮ್ಮಾ.”

“ಅದು ಗೊತ್ತಾಗೇ ಫೋನ್ ಇಡ್ತಾರೆ ಸಾರ್.”

ಬದರೀನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ರೀನಳಿಗೂ ಪಾಪ ಅನಿಸಿತೇನೋ, ದನಿ ತಗ್ಗಿಸಿದಳು. “ಈ ಬುಧವಾರ ಅರ್ಧಕ್ಕರ್ಧ ಜನ ಆದ್ರೂ ಕೊನೇತನಕ ಕೇಳ್ಬೇಕು ಸಾರ್. ಇಲ್ಲಾಂದ್ರೆ ಮುಂದಿನ ವಾರದಿಂದ ಕಂಪ್ಯೂಟರ್ ದನಿ ಹಾಕ್ಬಿಡೋಣ ಅಂತಿದಾರೆ. ಅದು ಮೂವತ್ತೇ ಸೆಕೆಂಡು. ಯಾವ ಹುಳಕ್ಕೆ ಯಾವ ಔಷಧಿ, ಅಷ್ಟೇ. ನಿಮ್ಮ ಕೊನೇ ಭಾಗ ಎಲ್ಲ ಕಟ್.”

ಬದರೀನಾಥರ ಎದೆಗೆ ಚುಚ್ಚಿದ್ದು ಆ ಮಾತು. ಕೊನೆಯ ಭಾಗಕ್ಕಾಗಿಯೇ ಅವರು ಈ ಕೆಲಸ ಒಪ್ಪಿಕೊಂಡಿದ್ದರು. ಬಹಳ ವರ್ಷಗಳ ಹಿಂದೆ, ದೊಡ್ಡಬಳ್ಳಾಪುರದ ಕಡೆ ಕೆಲಸದಲ್ಲಿದ್ದಾಗ, ಬೆಳಗಿನಿಂದ ಏನೂ ತಿನ್ನದೆ, ಮೂಗಿಗೆ ಬಟ್ಟೆ ಕಟ್ಟದೆ ಔಷಧಿ ಸಿಂಪಡಿಸುತ್ತಿದ್ದ ಒಬ್ಬಾತ ಅವರ ಕಣ್ಣೆದುರಿಗೇ ಬದುವಿನ ಮೇಲೆ ಕುಸಿದಿದ್ದ. ಮೂರು ದಿನ ಆಸ್ಪತ್ರೆಯಲ್ಲಿದ್ದು ಕಣ್ಣು ಬಿಟ್ಟವನು, “ಇಂಗಾಯ್ತದೆ ಅಂತ ಯಾರೂ ಹೇಳ್ಲಿಲ್ಲ ಸೋಮಿ,” ಅಂದಿದ್ದ. ಬದರೀನಾಥರು ಹೇಳಿದ್ದರು. ಅವನ ಮನೆಗೇ ಹೋಗಿ ಕೊಟ್ಟಿದ್ದ ಕರಪತ್ರದ ನಾಲ್ಕನೇ ಪ್ಯಾರಾದಲ್ಲಿ ಅಚ್ಚುಕಟ್ಟಾಗಿ ಮುದ್ರಿಸಿ ಹೇಳಿದ್ದರು. ಆ ಕರಪತ್ರ ಅವನ ಮನೆಯ ದೀಪದ ಗೂಡಿನಲ್ಲಿ ಎಣ್ಣೆ ಹೀರುತ್ತ ಮಡಚಿಕೊಂಡು ಕೂತಿತ್ತು. ಅಂದಿನಿಂದ ಅವರ ಯಾವ ಭಾಷಣವೂ ಆ ಎಚ್ಚರಿಕೆಯ ಮಾತಿಲ್ಲದೆ ಮುಗಿದದ್ದಿಲ್ಲ. ಅದು ಕೊನೆಯಲ್ಲಿ ಬರುತ್ತಿತ್ತು, ಕೊನೆಯವರೆಗೆ ಯಾರೂ ಬರುತ್ತಿರಲಿಲ್ಲ.

“ಹಾಗಾದರೆ ಏನು ಮಾಡಲಮ್ಮಾ?”

“ಪೀಠಿಕೆ ಬಿಟ್ಬಿಡಿ. ಆಮೇಲೆ ಅವರ ಮಾತಲ್ಲೇ ಹೇಳಿ. ‘ಸಿಂಪಡಣೆ’ ಅಂತ ಆ ಕಡೆ ಯಾರೂ ಅನ್ನಲ್ಲ ಸಾರ್. ‘ಎಣ್ಣೆ ಹೊಡೆಯೋದು’ ಅಂತಾರೆ.”

“ಎಣ್ಣೆಯೇ?”

“ಹುಳದ ಔಷಧಿಗೆ ಅಲ್ಲಿ ಎಣ್ಣೆ ಅಂತಾನೇ. ನಮ್ಮ ಬೆಂಗಳೂರಲ್ಲಿ ಎಣ್ಣೆ ಹೊಡೆಯೋದು ಅಂದ್ರೆ...” ಅಮ್ರೀನ್ ನಕ್ಕು, “ಬಿಡಿ ಸಾರ್, ಅದು ಬೇರೆ,” ಎಂದಳು.

ಅದು ಯಾವುದು ಎಂದು ಬದರೀನಾಥರು ಕೇಳಲಿಲ್ಲ. ಅವರಿಗೆ ಗೊತ್ತಿದ್ದ ಎಣ್ಣೆಗಳು ಕಡಲೆಕಾಯಿ, ಕೊಬ್ಬರಿ ಮತ್ತು ಹರಳು. ಬಾಟಲಿಯ ಮುಂದೆ ಕೂತು ‘ಎಣ್ಣೆ ಹೊಡೆಯುವ’ ಲೋಕ ಅವರ ಮನೆಯಿಂದ ಎರಡೇ ಬೀದಿಯಾಚೆ ದಿನವೂ ದೀಪ ಹಚ್ಚಿಕೊಳ್ಳುತ್ತಿದ್ದರೂ, ಅದರ ಭಾಷೆ ಅವರ ಕಿವಿಗೆ ಬಿದ್ದಿರಲಿಲ್ಲ.

ಬುಧವಾರ ನಾಲ್ಕೂವರೆಗೆ, ಆ ವಾರದ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಲು, ಅವರು ಬೀರು ಹೊಕ್ಕರು. ಅಂದರೆ ಪೂರ್ತಿಯಾಗಿ ಅಲ್ಲ. ಮಲಗುವ ಕೋಣೆಯ ಮರದ ಬೀರುವಿನ ಬಾಗಿಲು ತೆರೆದು, ಮುಂದೊಂದು ಸ್ಟೂಲು ಹಾಕಿ, ತಲೆಯನ್ನು ತುಂಗಾಳ ರೇಷ್ಮೆ ಸೀರೆಗಳ ನಡುವೆ ತೂರಿಸಿ ಕೂರುವುದು. ಬಟ್ಟೆಯ ನಡುವೆ ಮಾತಾಡಿದರೆ ದನಿ ಗುಂಯ್‌ಗುಡುವುದಿಲ್ಲವಂತೆ. ಯಲಹಂಕದ ವಿಮಾನ, ಸೊಪ್ಪಿನವನ ಮೈಕು, ಅಡುಗೆಮನೆಯ ಕುಕ್ಕರು, ಯಾವುದೂ ಒಳಗೆ ನುಗ್ಗುವುದಿಲ್ಲ. ನುಗ್ಗುವುದು ನುಸಿಗುಳಿಗೆಯ ವಾಸನೆಯೊಂದೇ. ಮದುವೆಯ ಧಾರೆ ಸೀರೆ ಎಡಗೆನ್ನೆಗೂ, ಗೃಹಪ್ರವೇಶದ ಮೈಸೂರು ಸಿಲ್ಕು ಬಲಗೆನ್ನೆಗೂ ತಾಗುತ್ತಿರಲು, ಬದರೀನಾಥರು ತಮ್ಮ ಜೀವಮಾನದ ಅತ್ಯಂತ ಸರಳ ಭಾಷಣವನ್ನು ಮಾಡಿದರು. ಪೀಠಿಕೆ ಇಲ್ಲ, ‘ಪ್ರಸಕ್ತ’ ಇಲ್ಲ, ‘ಇದ್ದು’ ಇಲ್ಲ. ಮೆಣಸಿನಕಾಯಿಯವರಿಗೆ ಮೆಣಸಿನಕಾಯಿ ಎಂದು ಮತ್ತೆ ಹೇಳುವುದೇಕೆಂದು ಅದನ್ನೂ ಕೈಬಿಟ್ಟರು.

“ಅಣ್ಣಂದಿರೇ, ಅಕ್ಕಂದಿರೇ, ಎಣ್ಣೆ ಹೊಡೆಯುವುದಕ್ಕೂ ಒಂದು ಕ್ರಮ ಇದೆ. ಬಿಸಿಲಲ್ಲಿ ಹೊಡೆಯಬೇಡಿ, ಸಂಜೆ ತಣ್ಣಗಾದ ಮೇಲೆ ಹೊಡೆಯಿರಿ. ಖಾಲಿ ಹೊಟ್ಟೆಯಲ್ಲಿ ಹೊಡೆಯಲೇಬೇಡಿ, ಚೆನ್ನಾಗಿ ಊಟ ಮಾಡಿಕೊಂಡು ಹೊಡೆಯಿರಿ. ನೀರು ಎಷ್ಟು, ಎಣ್ಣೆ ಎಷ್ಟು, ಅಳತೆ ನೋಡಿ ಬೆರೆಸಿ. ಎರಡು ಮೂರು ಥರದ್ದನ್ನು ಒಟ್ಟಿಗೆ ಬೆರೆಸಬೇಡಿ. ಹೊಡೆಯುವಾಗ ಬೀಡಿ ಸೇದಬೇಡಿ. ಮಕ್ಕಳನ್ನು, ಬಸುರಿಯರನ್ನು ಹತ್ತಿರ ಸೇರಿಸಬೇಡಿ. ಒಬ್ಬೊಬ್ಬರೇ ಹೊಡೆಯಬೇಡಿ, ಜೊತೆಗೊಬ್ಬರು ಇರಲಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಖಾಲಿ ಬಾಟಲಿ ಕಾಲುವೆಗೆ ಎಸೆಯಬೇಡಿ. ಹೊಡೆದ ಮೇಲೆ ಸ್ನಾನ ಮಾಡಿಯೇ ಮಕ್ಕಳನ್ನು ಮುಟ್ಟಿ. ಹೀಗೆ ಕ್ರಮವಾಗಿ ಹೊಡೆದರೆ ಸಂಸಾರವೂ ಚೆನ್ನಾಗಿರುತ್ತದೆ, ಆರೋಗ್ಯವೂ ಚೆನ್ನಾಗಿರುತ್ತದೆ.”

ಮತ್ತೊಮ್ಮೆ ಕೇಳಿಸಿಕೊಂಡು ಅವರಿಗೇ ರೋಮಾಂಚನವಾಯಿತು. ಸೀರೆಗಳ ಕತ್ತಲಲ್ಲೇ ವಾಟ್ಸಾಪಿನಲ್ಲಿ ‘ದನಿ’ ಎಂದು ಹುಡುಕಿದರು, ಮೇಲುಗಡೆ ಬಂದದ್ದನ್ನು ಒತ್ತಿದರು, ಕಳಿಸಿದರು. ಆರಕ್ಕೆ ಸರಿಯಾಗಿ ಯಂತ್ರವು ಹೊಲದ ದನಿಯ ವಾಟ್ಸಾಪ್ ಗುಂಪಿಗೆ ಬಂದ ಕೊನೆಯ ಮಾತನ್ನು ಎತ್ತಿಕೊಂಡು ತಾನೇ ಎಲ್ಲರಿಗೂ ಕರೆ ಮಾಡುತ್ತಿತ್ತು. ಮುಂದಿನದು ಯಂತ್ರದ ಪಾಲು ಎಂದುಕೊಂಡು ಹಾಗೇ ಧಾರೆ ಸೀರೆಗೆ ಒರಗಿ ಕಣ್ಣು ಮುಚ್ಚಿದರು.

ಅಡುಗೆಮನೆಯಲ್ಲಿ ತುಂಗಾ ಅವರೆಕಾಯಿ ಸುಲಿಯುತ್ತಿದ್ದಳು. ಬ್ಯಾಟರಾಯನಪುರದಿಂದ ಭಜನೆಗೆ ಬರುವ ಸುಮಾ ಫೋನ್ ಮಾಡಿದಳು. ಎರಡು ನಿಮಿಷದ ಬಳಿಕ ಅವರೆಕಾಯಿಯ ಮೊರ ನೆಲಕ್ಕಿಟ್ಟ ಸದ್ದು ಮಲಗುವ ಕೋಣೆಯವರೆಗೂ ಕೇಳಿಸಿತು. (ಇಟ್ಟ ಎನ್ನುವುದು ಮರ್ಯಾದೆಯ ಮಾತು.)

“ಏನ್ರೀ! ಬೀರುವಿಂದ ಹೊರಗೆ ಬನ್ನಿ.”

“ಮುಗೀತು ಕಣೇ. ಇವತ್ತಿನದು ಅದ್ಭುತವಾಗಿ ಬಂದಿದೆ. ಕಳಿಸ್ದೆ.”

“ಕಳಿಸಿದ್ದೀರಿ. ಎಲ್ಲಿಗೆ ಅಂತ ಗೊತ್ತಾ?”

ಬದರೀನಾಥರು ಎರಡು ಸೀರೆಗಳ ನಡುವಿನಿಂದ ಮುಖ ಹೊರಗೆ ತಂದರು.

“ಮೂವತ್ತೊಂದು ಜನ ಹೆಂಗಸ್ರಿಗೆ ಎಣ್ಣೆ ಹೊಡೆಯೋದು ಹೆಂಗೆ ಅಂತ ಪಾಠ ಮಾಡಿದ್ದೀರಿ. ಒಬ್ಬೊಬ್ರೇ ಹೊಡೀಬಾರ್ದಂತೆ! ಜೊತೆಗೊಬ್ರು ಇರ್ಬೇಕಂತೆ!”

“ಅಯ್ಯೋ, ಅದು ಕೀಟನಾಶಕ ಕಣೇ!”

“ಅವರಿಗೆ ಗೊತ್ತಾ? ಎಲ್ಲಾದ್ರೂ ಒಂದು ಗಿಡದ ಹೆಸರು ಹೇಳಿದ್ದೀರಾ? ಒಂದು ಹುಳ? ‘ಸಂಸಾರವೂ ಚೆನ್ನಾಗಿರುತ್ತದೆ’ ಅಂತೀರಿ! ನೋಡಿ, ಓದಿ!”

ಬದರೀನಾಥರು ಓದಿದರು. ಭಜನಾ ಮಂಡಳಿಯ ಅಧ್ಯಕ್ಷೆ, ಎಪ್ಪತ್ತೆರಡರ ನಾರಾಯಣಮ್ಮನವರು ಎಂದಿನಂತೆ ಏನನ್ನೂ ಕೇಳಿಸಿಕೊಳ್ಳದೆ, “ತಪ್ಪದೆ ಬರುತ್ತೇವೆ. ಶುಭವಾಗಲಿ,” ಎಂದು ಬರೆದು ಎರಡು ಕೈ ಮುಗಿದಿದ್ದರು. ಸುಮಾ, “ಆಂಟಿ, ಇದು ಶುಕ್ರವಾರದ ಪ್ರೋಗ್ರಾಮಾ?” ಎಂದು ಕೇಳಿದ್ದಳು. ಅದರ ಕೆಳಗೆ ಇನ್ನೊಬ್ಬಾಕೆ, “ನಮ್ಮನೆಯವ್ರು ಕೇಳಿಸ್ಕೊಂಡು ಇನ್ಮೇಲೆ ನಾನೂ ಭಜನೆಗೆ ಬರ್ತೀನಿ ಅಂತ ಕೂತಿದಾರೆ,” ಎಂದಿದ್ದಳು.

ಗಡಿಯಾರ ಐದೂ ಐವತ್ತೆಂಟು ತೋರಿಸುತ್ತಿತ್ತು. ಹೊಲದ ದನಿಯಲ್ಲಿ ಇನ್ನೂ ಕಳೆದ ವಾರದ ‘ಸಾಧ್ಯತೆಯಿದ್ದು’ವೇ ಕೂತಿತ್ತು. ಬದರೀನಾಥರು ಹೊಲದ ದನಿಯನ್ನು ತೆರೆದರು. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ತುಂಗಾ ಫೋನು ಕಿತ್ತುಕೊಂಡಳು.

“ಕೊಡಿ ಇಲ್ಲಿ. ಮೊದ್ಲು ನಾನು ಅವರಿಗೆ ಸರಿಯಾಗಿ ಹೇಳ್ತೀನಿ. ನಿಮ್ಮ ಬಾಯಲ್ಲಿ ಆಗೋ ಕೆಲಸ ಅಲ್ಲ ಇದು.”

“ಅಲ್ಲ ಕಣೇ, ಅದು, ಆ ಗುಂಪು...”

“ಸುಮ್ನಿರ್ರೀ!”

ರೈತರು ಹನ್ನೊಂದು ಸೆಕೆಂಡು ಕೊಟ್ಟಿದ್ದರು, ಇಲ್ಲಿ ಏಳನೇ ಸೆಕೆಂಡೂ ಆಗಿರಲಿಲ್ಲ. ತುಂಗಾ ಮೈಕಿನ ಗುರುತನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು, ಕೋಣೆಯ ಉದ್ದಗಲಕ್ಕೂ ನಡೆಯುತ್ತ, ಶುರು ಮಾಡಿದಳು.

“ನೋಡ್ರಮ್ಮಾ, ನಾನು ತುಂಗಾ. ಒಂದು ಗಂಡಸಿನ ದನಿ ಬಂತಲ್ಲ, ಅದು ನಮ್ಮನೆಯವರದ್ದು. ಅವರ ಮೇಲೆ ತಪ್ಪು ತಿಳೀಬೇಡಿ, ಅವರಿಗೆ ಹೇಳೋಕೆ ಬರಲ್ಲ ಅಷ್ಟೇ. ಅದು ಕುಡಿಯೋ ಎಣ್ಣೆ ಅಲ್ಲ, ಮೆಣಸಿನ ಗಿಡದ ಹುಳಕ್ಕೆ ಹೊಡೆಯೋ ಎಣ್ಣೆ. ಖಾಲಿ ಹೊಟ್ಟೇಲಿ ಬೇಡ ಅಂದ್ರೆ ಏನರ್ಥ? ಗಂಡ ಹೊಲಕ್ಕೆ ಹೊರಟ್ರೆ ಮೊದ್ಲು ಎರಡು ರೊಟ್ಟಿ ತಿನ್ಸಿ, ಆಮೇಲೆ ಬೆನ್ನಿಗೆ ಎಣ್ಣೆ ಡಬ್ಬ ಹಾಕ್ಸಿ. ಹಸಿವಿಲ್ಲ ಅಂತಾರೆ. ಸುಳ್ಳು. ಇವರೂ ಅಂತಾರೆ, ಆಮೇಲೆ ನೋಡಿದ್ರೆ ಡಬ್ಬದಲ್ಲಿ ಕೋಡುಬಳೆ ಇರಲ್ಲ. ಮೂಗಿಗೆ ಬಟ್ಟೆ ಕಟ್ಕೊಳ್ಳಿ ಅಂದ್ರೆ ಸೆಖೆ ಅಂತಾರೆ. ನಿಮ್ಮ ಹಳೇ ಸೀರೆ ಹರಿದು ನೀವೇ ಕೈಯಾರೆ ಕಟ್ಬಿಡಿ, ಹೆಂಡ್ತಿ ಹಾಕಿದ ಗಂಟು ಬಿಚ್ಚೋ ಗಂಡಸನ್ನ ನಾನಿನ್ನೂ ನೋಡಿಲ್ಲ. ಗಾಳಿಗೆ ಎದುರು ನಿಂತು ಹೊಡೀಬಾರ್ದು, ಎಲ್ಲಾ ಮುಖಕ್ಕೇ ಬರುತ್ತೆ. ಡಬ್ಬ ತೊಳೆದ ನೀರನ್ನ ದನ ಕುಡಿಯೋ ಕಡೆ ಚೆಲ್ಬೇಡಿ. ಬಂದ ತಕ್ಷಣ ಬಚ್ಚಲಿಗೆ ಕಳಿಸಿ, ಮಗು ಕೈ ಚಾಚಿದ್ರೂ ಎತ್ಕೊಳ್ಳೋಕೆ ಬಿಡ್ಬೇಡಿ.”

ಇಲ್ಲಿ ಅವಳು ನಡೆಯುವುದನ್ನು ನಿಲ್ಲಿಸಿದಳು. ದನಿ ಕೊಂಚ ಇಳಿಯಿತು.

“ತಮಾಷೆ ಅಲ್ಲಮ್ಮಾ ಇದು. ಹಂಗೆ ಒಬ್ಬ ಬದುವಿನ ಮೇಲೆ ಬಿದ್ದಿದ್ದನ್ನ ಇವರು ಕಣ್ಣಾರೆ ಕಂಡಿದಾರೆ. ಅವನು ಬದುಕಿದ. ಆದ್ರೂ ಆ ಮಾತು ಬಂದ್ರೆ ಇವತ್ತಿಗೂ ಅನ್ನ ಕಲಸಿ ಹಾಗೇ ಕೂತಿರ್ತಾರೆ, ತುತ್ತು ಎತ್ತಲ್ಲ. ಅದಕ್ಕೇ ಹೇಳೋದು, ಊಟ ಮಾಡಿ ಹೋಗಿ... ರೀ, ಫೋನ್ ಎಳೀಬೇಡ್ರೀ, ಹೇಳ್ತಿದೀನಲ್ಲ!”

ಬದರೀನಾಥರ ಕೈ ಫೋನಿನ ಹತ್ತಿರ ಹೋದದ್ದು ಗಾಳಿಯಲ್ಲೇ ನಿಂತುಬಿಟ್ಟಿತು. ಇಪ್ಪತ್ತೈದು ವರ್ಷಗಳಿಂದ ತಮ್ಮ ಮಾತನ್ನು ಏಳನೇ ಸೆಕೆಂಡಿಗೆ ಕತ್ತರಿಸುತ್ತ ಬಂದ ಈ ಹೆಂಗಸು, ಗಾಳಿಯ ದಿಕ್ಕಿನಿಂದ ಹಿಡಿದು ಡಬ್ಬದ ನೀರಿನವರೆಗೆ ಪ್ರತಿ ಭಾಷಣವನ್ನೂ ಕೊನೆಯ ಪ್ಯಾರಾದವರೆಗೆ ಕೇಳಿಸಿಕೊಂಡಿದ್ದಳು. ಕಲಸಿಟ್ಟ ಅನ್ನವನ್ನೂ ನೋಡಿದ್ದಳು. ಅವರು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ತುಂಗಾ ಹೆಬ್ಬೆರಳು ಎತ್ತಿದಳು. ಫೋನು ಒಮ್ಮೆ ಗುರ್ರೆಂದು ನಡುಗಿತು.

“ಇದೇನ್ರೀ? ‘ನಿಮ್ಮ ಸಂದೇಶ ಸ್ವೀಕರಿಸಲಾಗಿದೆ. 4,218 ಕರೆಗಳು ಆರಂಭ’ ಅಂತ ಬರ್ತಿದೆ?”

“ಅಯ್ಯೋ ತುಂಗಾ! ಅದು ಹೊಲದ ದನಿ ಕಣೇ!”

“ಮತ್ತೆ ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?”

ಇದಕ್ಕೆ ಇದ್ದ ಒಂದೇ ಉತ್ತರವನ್ನು ಹೇಳುವಷ್ಟು ಧೈರ್ಯ ಬದರೀನಾಥರಿಗಿರಲಿಲ್ಲ. ಗಂಡ ಹೆಂಡತಿ ಮಂಚದ ಎರಡು ಅಂಚಿಗೆ ಕೂತು, ಮಧ್ಯದಲ್ಲಿ ಫೋನನ್ನು ಮಲಗಿಸಿಕೊಂಡು, ಜ್ವರದ ಕೂಸನ್ನು ನೋಡುವಂತೆ ನೋಡಿದರು. ಕೋಡುಬಳೆಯ ವಿಷಯ ಹಾವೇರಿ ಸೀಮೆಗೆಲ್ಲ ಗೊತ್ತಾಯಿತಲ್ಲ ಎಂಬ ಸಂಕಟ ಒಂದು ಕಡೆ, ಮುಂದಿನ ವಾರದಿಂದ ಕಂಪ್ಯೂಟರ್ ಬಂದು ಕೂರುತ್ತದಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಆರೂ ಹತ್ತಕ್ಕೆ ಫೋನು ರಿಂಗಾಯಿತು. ಯಾರೋ ಎರಡನ್ನು ಒತ್ತಿದ್ದರು. ಮೂರು ತಿಂಗಳಲ್ಲಿ ಹಾಗೆ ಒತ್ತಿದ ಮೊದಲ ಜೀವ ಅದು.

“ಯಾರು ಮಾತಾಡೂದು ಅಂದ್ರ, ನಾನ್ರೀ, ನಿಂಗವ್ವ. ಅಕ್ಕಾರ ಅದಾರೇನ್ರಿ?”

“ನಾನು ಬದರೀನಾಥ, ಕೃಷಿ ಸಲಹೆಗಾರ. ನಿಮ್ಮ ಸಮಸ್ಯೆ ಹೇಳಿ ತಾಯಿ. ಎಲೆ ಮುದುಡಿದೆಯೇ?”

“ಎಲಿ ಮುದುಡಿಲ್ರೀ. ನಮ್ಮ ಮನಿಯವರ ಮಾರಿ ಮುದುಡೈತಿ. ಹೊಲಕ್ಕ ಹೊಂಟಿದ್ರು, ಅಕ್ಕಾರು ಹೇಳಿದಂಗ ಕೂಡಿಸಿ ರೊಟ್ಟಿ ತಿನಿಸಿ, ಮೂಗಿಗೆ ಬಟ್ಟಿ ಕಟ್ಟೀನಿ. ಗಂಟು ಎಲ್ಲಿ ಹಾಕಿದ್ರ ಬಿಚ್ಚಾಕ ಬರಂಗಿಲ್ಲ, ಅದನ್ನ ಅಕ್ಕಾರಿಗೆ ಕೇಳಬೇಕಿತ್ರೀ.” ಹಿಂದಿನಿಂದ ಬಟ್ಟೆಯೊಳಗಿನ ಒಂದು ಗಂಡುದನಿ ಏನೋ ಗೊಣಗಿದ್ದು ಕೇಳಿಸಿತು. ನಿಂಗವ್ವ ಆ ಕಡೆ ತಿರುಗಿ, “ಸುಮ್ಕಿರ್ರಿ, ಫೋನ್ ಎಳೀಬ್ಯಾಡ್ರಿ,” ಎಂದಳು.

ಬದರೀನಾಥರು ಫೋನನ್ನು ಮಂಚದ ಆಚೆ ಅಂಚಿಗೆ ದಾಟಿಸಿದರು. ಅಂದು ಅವರೆಕಾಯಿಯನ್ನು ಸುಲಿದು ಮುಗಿಸಿದ್ದು ಅವರೇ. ಯಾಕೆಂದರೆ ಎರಡು ಒತ್ತಿದವರು ನಿಂಗವ್ವ ಒಬ್ಬಳೇ ಆಗಿರಲಿಲ್ಲ.

ಮಾರನೆಯ ದಿನ ಅಮ್ರೀನ್ ಫೋನಿನಲ್ಲಿ ಕುಣಿಯುತ್ತಿದ್ದಳು. ನೂರಕ್ಕೆ ತೊಂಬತ್ತು ಜನ ಕೊನೆಯವರೆಗೆ ಕೇಳಿದ್ದರು. ಯಾವ ಗಂಡಸು, ಏನು ಹೇಳಿದ, ಆಕೆ ಯಾಕೆ ಬೈಯುತ್ತಿದ್ದಾಳೆ ಎಂಬುದು ತಿಳಿಯದೆ ಯಾರಿಗೂ ಫೋನಿಡಲು ಮನಸ್ಸಾಗಿರಲಿಲ್ಲ. ಮುಕ್ಕಾಲು ಪಾಲು ಜನ ಒಂದನ್ನು ಒತ್ತಿ ಮತ್ತೆ ಕೇಳಿ, ಅಕ್ಕಪಕ್ಕದವರಿಗೂ ಕೇಳಿಸಿದ್ದರು. ಕಂಪ್ಯೂಟರ್ ದನಿಯ ಮಾತು ಅಲ್ಲಿಗೇ ನಿಂತಿತು. ಎಚ್ಚರಿಕೆಯ ಮಾತು ಉಳಿಯಿತು. ಹೊಲದ ದನಿ ಇನ್ನು ಮುಂದೆ ತುಂಗಾ ಮೇಡಂ ಅವರದು.

“ಆದ್ರೆ ನೀವೂ ಇರ್ಲೇಬೇಕು ಸಾರ್,” ಎಂದಳು ಅಮ್ರೀನ್. “ಆ ಫೋನ್ ಎಳೆದ ಯಜಮಾನ್ರು ಹೆಂಗಿದಾರೆ ಅಂತ ಜನ ಕೇಳ್ತಿದಾರೆ. ಮಧ್ಯ ಒಂದು ಸಲ ‘ಹೂಂ’ ಅನ್ನಿ ಸಾಕು.”

(ಇತ್ತ ಭಕ್ತಿ ದನಿಗೆ ಸರಿಯಾದ ವಿವರಣೆ ಕಳಿಸುವುದು ಈ ಗಲಾಟೆಯಲ್ಲಿ ಇಬ್ಬರಿಗೂ ಮರೆತೇಹೋಯಿತು. ಶುಕ್ರವಾರ ಸಂಜೆ ನಾರಾಯಣಮ್ಮನವರ ಮನೆಯ ಭಜನೆಗೆ, ಎಂದೂ ಬಾರದ ಐದು ಜನ ಗಂಡಸರು, ಹೊಟ್ಟೆ ತುಂಬ ಊಟ ಮಾಡಿಕೊಂಡು, ಒಬ್ಬೊಬ್ಬರಾಗಿ ಬಾರದೆ ಜೊತೆಯಾಗಿ ಬಂದು, ಎರಡು ಗಂಟೆ ಚಕ್ಕಳಮಕ್ಕಳ ಹಾಕಿ ಕೂತು, ಪಾನಕ ಕುಡಿದು ಎದ್ದುಹೋದರು.)

ಮುಂದಿನ ಬುಧವಾರ ಬೀರುವಿನ ಮುಂದಿನ ಸ್ಟೂಲಿನ ಮೇಲೆ ತುಂಗಾ ಕೂತಳು. ತನ್ನ ಸೀರೆಗಳ ನಡುವೆ ಅವಳು ದೇವರ ಹಾಗೆ ಕಾಣುತ್ತಿದ್ದಳು. ಬದರೀನಾಥರು ಸೀರೆಯ ಭಾಗ್ಯವಿಲ್ಲದೆ, ಬೀರುವಿನ ಪಕ್ಕದಲ್ಲಿ ರಜಾಯಿ ಹೊದ್ದು ನಿಂತಿದ್ದರು. ಬೆಳಗಿನಿಂದ ಅವರು ತಮ್ಮ ಪಾತ್ರವನ್ನು ಅಭ್ಯಾಸ ಮಾಡಿದ್ದರು. ಗಂಭೀರವಾದ ಹೂಂ, ಒಪ್ಪಿಗೆಯ ಹೂಂ, ಅನುಭವದ ಹೂಂ. ಸಮಯ ಬಂದಾಗ ತುಂಗಾ ಕಣ್ಣುಸನ್ನೆ ಮಾಡಿದಳು. ಅವರು ರಜಾಯಿಯೊಳಗಿಂದ ಅಂದರು. ಚೆನ್ನಾಗಿಯೇ ಬಂದಂತಿತ್ತು.

ಗುರುವಾರ ಅವರೇ ಹೆಬ್ಬಾಳಕ್ಕೆ ಹೋಗಿ ಪರದೆಯ ಮುಂದೆ ಕೂತರು. ಗೆರೆ ಎತ್ತರದಲ್ಲಿ ಹುಟ್ಟಿ, ಎಲ್ಲೂ ಬೀಳದೆ, ಆಳವಾದ ಕೆರೆಯ ನೀರಿನಂತೆ ಸಮನಾಗಿ ಕೊನೆಯವರೆಗೆ ಹರಡಿಕೊಂಡಿತ್ತು. ನಡುವೆ ಒಂದೇ ಒಂದು ಕಡೆ ಸಣ್ಣದೊಂದು ತಗ್ಗು.

“ಇಲ್ಲೇನಾಯ್ತಮ್ಮಾ?”

ಅಮ್ರೀನ್ ಪೆನ್ನಿನ ತುದಿಯಿಂದ ಆ ತಗ್ಗನ್ನು ಮುಟ್ಟಿದಳು. “ಅದು ನಿಮ್ಮ ಹೂಂ ಸಾರ್.”

“ಒಂದೇ ಅಕ್ಷರ ಅಲ್ಲವೇನಮ್ಮಾ!”

“ಹೂಂ ಚೆನ್ನಾಗೇ ಇತ್ತು ಸಾರ್. ಆದ್ರೆ ಅದಾದ್ಮೇಲೆ ನೀವು, ‘ಹಾಗೆ ಮಾಡುವುದು ಸೂಕ್ತವಾಗಿದ್ದು’ ಅಂತ ಸೇರಿಸಿದ್ರಲ್ಲ...”

ಬದರೀನಾಥರು ವಾಕ್ಯವನ್ನು ಪೂರ್ತಿ ಮಾಡಲು ಬಾಯಿ ತೆರೆದರು. ಆಮೇಲೆ ಪರದೆಯ ಮೇಲಿನ ಆ ಗೆರೆಯನ್ನು, ಕೊನೆಯ ಮಾತಿನವರೆಗೂ ಇಳಿಯದೆ ನಿಂತ ಆ ನಾಲ್ಕು ಸಾವಿರ ಜನರನ್ನು ಇನ್ನೊಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, “ಹೂಂ,” ಎಂದರು.

ಅಷ್ಟೇ ಅಂದರು.